ನಾಲ್ಕಕ್ಕೆ ನಿಂತ ಪಂಚಶೀಲ

ಹುಕ್ಕೇರಿ
೭ ಜನವರಿ ೨೦೨೫

ಅಪ್ಪಾ,

ಜೈ ಭೀಮ. ಫೋನಿನಲ್ಲಿ ನಾನು ಎಷ್ಟು ಮಾತಾಡಿದರೂ ನೀವು ‘ಹೂಂ’ ಎನ್ನುವುದರಲ್ಲೇ ಮುಗಿಸುತ್ತೀರಿ. ಆಮೇಲೆ ‘ಅವ್ವಗ ಕೊಡ್ತೀನಿ’ ಎಂದು ಫೋನು ದಾಟಿಸಿಬಿಡುತ್ತೀರಿ. ಅದಕ್ಕೇ ಕಾಗದ ಹಿಡಿದಿದ್ದೇನೆ. ಕೈಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಓದದೆ ಕೆಳಗಿಡುವ ಮನುಷ್ಯ ನೀವಲ್ಲ. ಪುಣೆಯಿಂದ, ಇಚಲಕರಂಜಿಯಿಂದ ಮಕ್ಕಳು ಹಾಕಿದ ಕಾರ್ಡುಗಳನ್ನು ಹಿಡಿದುಕೊಂಡು ಓಣಿಯವರೆಲ್ಲ ನಮ್ಮ ಕಟ್ಟೆಗೆ ಬರುತ್ತಿದ್ದರು. ನೀವು ಓದಿ ಹೇಳಿ, ಅಲ್ಲೇ ಉತ್ತರವನ್ನೂ ಬರೆದು ಕೊಡುತ್ತಿದ್ದಿರಿ. ನಾನು ನಿಮ್ಮ ತೊಡೆಗೆ ಒರಗಿ ಕೂತು, ಯಾರ ಸೊಸೆ ಮುನಿಸಿಕೊಂಡಳು, ಯಾರ ಎಮ್ಮೆ ಕರು ಹಾಕಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಆಗ ನಮ್ಮ ಮನೆ ಓಣಿಯ ಅಂಚೆ ಕಚೇರಿಯೇ ಆಗಿತ್ತು.

ಈಗ ಭಾನುವಾರದ ಸಂಗತಿಗೆ ಬರುತ್ತೇನೆ. ನೀವೇ ಮಾತೆತ್ತಲಿ ಎಂದು ಕಾದರೆ ನನಗೆ ತಲೆ ಹಣ್ಣಾಗುತ್ತದೆ.

ಮೂಡಲಗಿಯಲ್ಲಿ ನನ್ನ ಮತ್ತು ಅಶೋಕನ ನಿಶ್ಚಯ. ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಮುಂದೆ ಮೇಣಬತ್ತಿ ಹಚ್ಚಿ, ಮಾಸ್ತರು, ಹಿರಿಯರು ಎಂದು ವಂದನೆ ಹೇಳಿಸುವ ಮಾನವನ್ನು ಬೀಗರು ನಿಮಗೇ ಕೊಟ್ಟರು. ನೀವು ಪಂಚಶೀಲ ಶುರು ಮಾಡಿದಿರಿ, ಎರಡೂ ಊರಿನವರು ದನಿಗೂಡಿಸಿದರು. ಪ್ರಾಣ ತೆಗೆಯುವುದಿಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ, ನಡತೆ ಕೆಡಿಸಿಕೊಳ್ಳುವುದಿಲ್ಲ, ಸುಳ್ಳು ಹೇಳುವುದಿಲ್ಲ. ನಾಲ್ಕನೆಯದು ಮುಗಿಯುತ್ತಲೇ ನೀವು, ಎಲ್ಲ ಮುಗಿದ ಮೇಲೆ ಹೇಳುವ ‘ಸಾಧು’ವನ್ನು ಹೇಳಿಬಿಟ್ಟಿರಿ. ಕ್ರೂಸರ್ ಗಾಡಿಯಲ್ಲಿ ಬಂದಿದ್ದ ನಮ್ಮ ಮಮದಾಪುರದವರೆಲ್ಲ ‘ಸಾಧು, ಸಾಧು’ ಎಂದು ತಲೆ ಬಾಗಿಸಿದರು. ಮೂಡಲಗಿಯವರು ಮಾತ್ರ ಐದನೆಯದನ್ನು, ಮತ್ತೇರಿಸುವ ಯಾವುದನ್ನೂ ಮುಟ್ಟುವುದಿಲ್ಲ ಎಂಬುದನ್ನು, ಅರ್ಧ ಹೇಳಿ ಗಲಿಬಿಲಿಯಾಗಿ ನಿಲ್ಲಿಸಿದರು. ಅಶೋಕನ ಅಜ್ಜಿ ಅವ್ವನ ಕಡೆ ತಿರುಗಿದರು. ಕುಹಕಕ್ಕಲ್ಲ, ಪಾಪ, ನಿಜಕ್ಕೂ ತಿಳಿದುಕೊಳ್ಳಲಿಕ್ಕೇ ಕೇಳಿದರು: “ನಿಮ್ಮೂರಾಗ ನಾಕ ಏನ್ರಿ?”

ನನಗೆ ಮೊದಲು ನಗು ಬಂತು. ಆಮೇಲೆ ನಿಮ್ಮ ಮುಖ ನೋಡಿದೆ. ನೀವು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಿರಿ, ಊಟಕ್ಕೂ ಬರಲಿಲ್ಲ.

ನೀವು ಕುಡಿಯುವುದು ನನಗೆ ಗೊತ್ತು, ಅವ್ವನಿಗೆ ಗೊತ್ತು, ಓಣಿಗೆ ಗೊತ್ತು. ಅಶೋಕನಿಗೂ ಮೊದಲೇ ಹೇಳಿದ್ದೇನೆ. ಗೊತ್ತಿರದಿದ್ದದ್ದು ಇದು: ಇಷ್ಟು ವರ್ಷ ನೀವು ಐದನೆಯದನ್ನು ಬಿಟ್ಟೇ ಹೇಳಿಸುತ್ತಿದ್ದಿರಿ. ನಾನು ನರ್ಸಿಂಗಿಗೆಂದು ಊರು ಬಿಟ್ಟ ಮೇಲೆ ಶುರುವಾಗಿರಬೇಕು. ದೊಡ್ಡವರು ಅರ್ಥವಾಗದ ಪಾಲಿ ಭಾಷೆಯ ಮಾತಿನ ಕಡೆ ಕಿವಿ ಕೊಡಲಿಲ್ಲ. ನಮ್ಮ ಓಣಿಯ ಬುದ್ಧ ಮಂದಿರದಲ್ಲಿ ನಿಮ್ಮ ಹತ್ತಿರ ಕಲಿತ ಮಕ್ಕಳಿಗೆ ಐದನೆಯದೊಂದು ಇದೆ ಎಂಬುದೇ ತಿಳಿದಿಲ್ಲ. ವಾಪಸು ಬರುವಾಗ ಕಾಕಾನ ಮಗಳು ದೀಪಾ ನನ್ನ ಕಿವಿಯಲ್ಲಿ, “ಅಕ್ಕಾ, ಅವರದ್ಯಾಕ ಉದ್ದ ಐತಿ?” ಎಂದು ಕೇಳಿದಳು.

ಕುಡಿದು ಬಂದು ಐದನ್ನೂ ಗಂಟಲು ಹರಿಯುವಂತೆ ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಮಗೆ ಅದಾಗಲಿಲ್ಲ. ಸುಳ್ಳು ಹೇಳುವುದಿಲ್ಲ ಎಂದ ಬಾಯಿಂದ ಮರುಕ್ಷಣವೇ ಸುಳ್ಳು ಹೇಳಲು ನಿಮಗೆ ಬರಲಿಲ್ಲ. ಸಿಟ್ಟಿನ ನಡುವೆಯೂ ನನಗೆ ನಿಮ್ಮ ಮೇಲೆ ಭರವಸೆ ಉಳಿದಿರುವುದು ಇದೊಂದಕ್ಕೇ.

ಬುದ್ಧ ಪೂರ್ಣಿಮೆಯ ದಿನ ಮದುವೆ. ನನಗೂ ಅಶೋಕನಿಗೂ ಶೀಲ ಕೊಡುವವರು ನೀವೇ ಆಗಬೇಕು, ಐದೂ ಕೊಡಬೇಕು. ಅದಕ್ಕೆ ಮೊದಲು ಚಿಕಿತ್ಸೆ ತೆಗೆದುಕೊಳ್ಳಬೇಕು. ಎಲ್ಲಿ, ಹೇಗೆ ಎಂದು ನಾನು ಹುಡುಕುತ್ತೇನೆ. ನೀವು ಬರುತ್ತೇನೆ ಎಂದರೆ ಸಾಕು.

ಜಗಳವಾಡದೆ ಬಿಡದ ನಿಮ್ಮ ಮಗಳು,
ಅನುರಾಧಾ


ಮಮದಾಪುರ
೧೬ ಜನವರಿ ೨೦೨೫

ಅನು,

ನಿನಗೆ ಒಳ್ಳೆಯದಾಗಲಿ. ನಿನ್ನ ಕಾಗದ ಸಂಕ್ರಮಣದ ಮರುದಿನ ಬಂತು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ, ಕೈಯಲ್ಲಿ ತೂಗಿ ನೋಡಿ, “ಬಾಳ ಬರದಾಳ, ಸಿಟ್ಟ ಬಂದಿರಬೇಕು” ಎಂದು ನನಗೆ ಕೊಟ್ಟಳು. ಓದಿದ ಮೇಲೆ ಏನು ಬರೆದಿದ್ದಾಳೆ ಎಂದು ಕೇಳಿದಳು. ಮದುವೆಯ ಸೀರೆಯ ವಿಷಯ ಎಂದೆ. ನಾಲ್ಕನೆಯ ಶೀಲವನ್ನೂ ನಾನು ಅಷ್ಟೇನೂ ಚೆನ್ನಾಗಿ ಪಾಲಿಸುವುದಿಲ್ಲ. ನನ್ನ ಬಗ್ಗೆ ನೀನು ಬರೆದ ಒಳ್ಳೆಯ ಮಾತಿಗೆ ಅಷ್ಟು ಕಡಿತ ಮಾಡಿಕೋ.

ಐದನೆಯದು ತಪ್ಪಿದ್ದು ನಮ್ಮ ಓಣಿಯಲ್ಲೇ, ಒಂದು ಹೆಸರಿಡುವ ಕಾರ್ಯದಲ್ಲಿ. ಮಧ್ಯಾಹ್ನವೇ ಸ್ವಲ್ಪ ಆಗಿತ್ತು. ನಾಲ್ಕನೆಯದು ಹೇಳಿ ಮುಂದೆ ನಾಲಿಗೆ ಹೊರಳಲಿಲ್ಲ, ಸಾಧು ಎಂದು ಮುಗಿಸಿದೆ. ಯಾರೂ ಏನೂ ಅನ್ನಲಿಲ್ಲ. ಮುಂದಿನ ವಾರ ಇನ್ನೂ ಸಲೀಸಾಯಿತು. ಆಮೇಲೆ ಅದೇ ರೂಢಿ. ಮೂಡಲಗಿಗೆ ಹೋಗುವಾಗ ಗಾಡಿಯಲ್ಲಿ ಮನಸ್ಸಿನಲ್ಲೇ ಐದನ್ನೂ ಹೇಳಿಕೊಂಡು ಹೋಗಿದ್ದೆ. ಅವತ್ತು ಬೆಳಗಿನಿಂದ ಮುಟ್ಟಿರಲೂ ಇಲ್ಲ. ಆದರೂ ಬಾಯಿ ರೂಢಿಯ ಜಾಗಕ್ಕೆ ಬಂದು ನಿಂತುಬಿಟ್ಟಿತು.

ಯಾಕೆ ಕುಡಿಯಲು ಹತ್ತಿದಿರಿ ಎಂದು ನೀನು ಕೇಳಿಲ್ಲ. ಒಳ್ಳೆಯದಾಯಿತು. ಕೇಳಿದ್ದರೆ ನಾಲ್ಕಾರು ಕಾರಣ ಹೇಳುತ್ತಿದ್ದೆ, ಒಂದೂ ಖರೆ ಇರುತ್ತಿರಲಿಲ್ಲ.

ಅವ್ವ ತನ್ನ ಪ್ರಯತ್ನ ಮಾಡಿದ್ದಾಳೆ. ಯಾರೋ ಕೊಟ್ಟ ಪುಡಿಯನ್ನು ನನಗೆ ತಿಳಿಯದಂತೆ ಬ್ಯಾಳಿ ಸಾರಿನಲ್ಲಿ ಹಾಕಿದಳು. ಎರಡು ದಿನ ವಾಂತಿಯಾಗಿ, ಹೊಟ್ಟೆ ಸರಿಹೋಗಲಿ ಎಂದು ಮತ್ತೆ ಸೆರೆಯನ್ನೇ ಕುಡಿದೆ. ಅಂದಿನಿಂದ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡದೆ ಉಣ್ಣುವುದಿಲ್ಲ. ಈಗ ಆಕೆ ನನ್ನ ಎದುರೇ ಒಂದು ತುತ್ತು ತಾನು ತಿಂದು ತೋರಿಸಿ ನನಗೆ ಬಡಿಸುತ್ತಾಳೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮ ಊಟ ಈ ರೀತಿಗೆ ಬಂದಿದೆ.

ಚಿಕಿತ್ಸೆಯ ಮಾತು. ಗೋಕಾಕ ಬೇಡ ಅನು. ಹುಕ್ಕೇರಿಯೂ ಬೇಡ. ನೌಕರಿ ಪೂರ್ತಿ ಗೋಕಾಕ ತಾಲೂಕಿನ ಸಾಲಿಗಳಲ್ಲಿ ಪಾಠ ಹೇಳಿ ಕಳೆದವನು ನಾನು. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕಂಡಕ್ಟರು ನಮಸ್ಕಾರ ಎನ್ನುತ್ತಾನೆ, ಕೋರ್ಟಿನ ಜವಾನ ಎದ್ದು ನಿಲ್ಲುತ್ತಾನೆ, ಕರದಂಟಿನ ಅಂಗಡಿಯವನು ಒಂದು ತುಂಡು ಕೈಗಿಟ್ಟು ‘ರುಚಿ ನೋಡ್ರಿ ಸರ್’ ಎನ್ನುತ್ತಾನೆ. ಅವರ ಮುಂದೆ ಆಸ್ಪತ್ರೆಯ ಸರದಿಯಲ್ಲಿ ನಿಲ್ಲಲಾರೆ. ಆಗಲೇಬೇಕೆಂದರೆ ಮಿರಜಿನಾಚೆ ನನ್ನನ್ನು ಯಾರೂ ಅರಿಯದ ಕಡೆ ಹುಡುಕು. ಅದಕ್ಕಿಂತ ನಾನೇ ಬಿಟ್ಟುಬಿಡುತ್ತೇನೆ. ಹಟ ಹಿಡಿದರೆ ಆಗುತ್ತದೆ.

ಮದುವೆಯಲ್ಲಿ ಶೀಲ ಕೊಡಲು ಬೇರೆಯವರನ್ನು ನೋಡಿಕೊಳ್ಳಿ. ನಾನು ಹೂವು ಹಾಕುತ್ತೇನೆ.

ಇನ್ನೂ ಮುಟ್ಟದೆ, ಬಿಸಿಲು ಏರುವ ಮೊದಲೇ ಬರೆದು ಮುಗಿಸಿದ್ದೇನೆ, ಅಕ್ಷರ ಸ್ವಲ್ಪ ನಡುಗಿವೆ,
ಸತ್ತೆಪ್ಪ


ಹುಕ್ಕೇರಿ
೨೪ ಜನವರಿ ೨೦೨೫

ಅಪ್ಪಾ,

ಅಕ್ಷರ ನಡುಗಿದ್ದನ್ನು ನೋಡಿದೆ. ನಮ್ಮೂರ ಸಾಲಿಯ ಬೋರ್ಡಿನ ಮೇಲಿನ ಸುಭಾಷಿತ ಯಾರ ಕೈಬರಹ ಎಂದು ತಪಾಸಣೆಗೆ ಬಂದ ಸಾಹೇಬರು ಕೇಳುತ್ತಿದ್ದರಲ್ಲ, ಅದೇ ಕೈ. ನನಗೆ ಅಳು ಬಂತು. ಬಂದದ್ದನ್ನು ಮುಚ್ಚಿಟ್ಟು ಏನು ಮಾಡಲಿ?

ಅತ್ತು ಮುಗಿಸಿ ಕೆಲಸಕ್ಕೆ ಹತ್ತಿದೆ. ಹೆರಿಗೆ ವಾರ್ಡಿನ ನರ್ಸಿಗೆ ಈ ವಿದ್ಯೆಯ ಗಂಧಗಾಳಿಯೂ ಇಲ್ಲ. ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ದಾರಿ ತೋರಿಸಿದರು. ತುಳಸಿ ಮಾಲೆ ಹಾಕಿಸಿ ಎಂದರು. ಅಮಾವಾಸ್ಯೆಗೆ ಬೇರು ಕೊಡುವವರಿದ್ದಾರೆ ಎಂದರು. ಮೂಡಲಗಿಯ ಕಲ್ಯಾಣ ಮಂಟಪದಲ್ಲಿ ಮದ್ಯವರ್ಜನ ಶಿಬಿರ ನಡೆಯುತ್ತದೆ ಎಂದರು. ಶಿಬಿರ ಒಳ್ಳೆಯದೇ ಇದ್ದೀತು, ಆದರೆ ಅಲ್ಲಿ ಊಟ ಬಡಿಸುವವರಲ್ಲಿ ಅಶೋಕನ ಸೋದರತ್ತೆಯೂ ಒಬ್ಬರಂತೆ. ನೀವು ಉಪವಾಸವೇ ಬಿದ್ದುಬಿಡುತ್ತೀರಿ ಎಂದು ಅದನ್ನು ಕೈಬಿಟ್ಟೆ.

ಕೊನೆಗೆ ನಮ್ಮ ಡಾಕ್ಟರರನ್ನೇ ಕೇಳಿದೆ. ಗೋಕಾಕದ ಸರ್ಕಾರಿ ಆಸ್ಪತ್ರೆಗೆ ಮಂಗಳವಾರ ಮನೋರೋಗದ ಡಾಕ್ಟರು ಬರುತ್ತಾರಂತೆ, ಮಾತ್ರೆ ಕೊಟ್ಟು ವಾರ ವಾರ ನೋಡುತ್ತಾರಂತೆ. ಉಳಿದು ಬಿಡಿಸಿಕೊಳ್ಳುವುದಾದರೆ ಹುಕ್ಕೇರಿಯಲ್ಲೇ, ಊರ ಹೊರಗೆ, ಒಂದು ಕೇಂದ್ರ ಇದೆ. ನಾನು ಹೋಗಿ ನೋಡಿ ಬಂದೆ. ಮಂಚಗಳು ಸಾಲಾಗಿವೆ, ಅಂಗಳದಲ್ಲಿ ಬೇವಿನ ಮರ. ಫೋನು ಇಟ್ಟುಕೊಳ್ಳುವಂತಿಲ್ಲ, ಮೊದಮೊದಲು ಮನೆಯವರು ಭೇಟಿಯಾಗುವಂತಿಲ್ಲ. ಕಾಗದ ಬರೆಯಬಹುದು ಎಂದರು. ನಮಗೆ ಅದು ಹೊಸದೇನಲ್ಲ ಎಂದೆ.

ದೂರ ಬೇಕು ಎನ್ನುತ್ತೀರಿ. ಮಿರಜಿನಾಚೆ ಹೋಗಿ ಬಿಟ್ಟು ಬರುತ್ತೀರಿ ಎಂದಿಟ್ಟುಕೊಳ್ಳಿ. ರೈಲು ಇಳಿಯುವುದು ಘಟಪ್ರಭಾ ಸ್ಟೇಷನ್ನಿನಲ್ಲೇ ಅಲ್ಲವೇ? ಅಲ್ಲಿ ನೀವು ಕುಡಿಯುವ ಆ ಸೆರೆ ಅಂಗಡಿ ಇದ್ದಲ್ಲೇ ಇರುತ್ತದೆ, ಮಿರಜಿನ ಡಾಕ್ಟರು ಮಿರಜಿನಲ್ಲೇ ಇರುತ್ತಾರೆ. ಒಂದು ದಿನ ಮನಸ್ಸು ಜಾರಿತು ಅಂದರೆ ಯಾರ ಹತ್ತಿರ ಓಡುತ್ತೀರಿ? ಕೆಂಪು ಬಸ್ಸು ಹತ್ತಿ ಹೋಗಿ ಬರುವಷ್ಟು ಹತ್ತಿರ ಇರಬೇಕು ಅಪ್ಪಾ.

ಇನ್ನೊಂದು ಮಾತು, ಮಗಳಾಗಿ ಅಲ್ಲ, ನರ್ಸಾಗಿ. ಹಟ ಹಿಡಿದು ಒಮ್ಮೆಲೇ ಬಿಡಬೇಡಿ. ಇಷ್ಟು ವರ್ಷದ ರೂಢಿಯನ್ನು ಔಷಧವಿಲ್ಲದೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಕುತ್ತು. ಡಾಕ್ಟರು ಎರಡು ಸಲ ಹೇಳಿದರು.

ನಿನ್ನೆ ಧುಪದಾಳದ ಕಡೆಯಿಂದ ಒಬ್ಬಳು ಹೆರಿಗೆಗೆ ಬಂದಿದ್ದಳು. ಊರ ಹೆಸರು ಕೇಳುತ್ತಲೇ ನಾನು ಬೇರೆಲ್ಲೋ ಹೋದೆ. ಸೈಕಲ್ಲಿನ ನಡುಗಂಬಿಗೆ ಟವೆಲು ಸುತ್ತಿ ನನ್ನನ್ನು ಕೂರಿಸಿಕೊಂಡು ಅಲ್ಲಿಯ ಹೊಳೆಯ ಒಡ್ಡು ನೋಡಲು ಕರೆದೊಯ್ಯುತ್ತಿದ್ದಿರಿ. ಘಟಪ್ರಭೆ ಒಡ್ಡಿನ ಮೇಲಿಂದ ಹಾರುವ ಸದ್ದಿಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಅಲ್ಲಿ ಕೂತೇ ನನಗೆ ಪಂಚಶೀಲ ಕಲಿಸಿದಿರಿ. “ನೀರಿಗಿಂತ ಜೋರ ಹೇಳಬೇಕ, ಅಂದ್ರ ಬಂದಂಗ” ಎನ್ನುತ್ತಿದ್ದಿರಿ. ನಾನು ಕುತ್ತಿಗೆ ನರ ಉಬ್ಬಿಸಿಕೊಂಡು ಒದರುತ್ತಿದ್ದೆ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಎದ್ದು ನೋಡುತ್ತಿದ್ದರು. ಐದಾದ ಮೇಲೆ ಟವೆಲಿನ ಗಂಟಿನಿಂದ ಕರದಂಟು ಬಿಚ್ಚಿ ಕೊಡುತ್ತಿದ್ದಿರಿ. ಆ ಅಂಟು ಹಲ್ಲಿಗೆ ಹತ್ತಿಕೊಂಡು ಮನೆ ಮುಟ್ಟುವವರೆಗೂ ಬಿಡುತ್ತಿರಲಿಲ್ಲ. ಅಂಥ ಅಪ್ಪ ನನಗಿದ್ದರು. ಅವರು ನನಗೆ ವಾಪಸು ಬೇಕು.

ಕಾದು ಕೂತಿರುವ,
ಅನು


ಹುಕ್ಕೇರಿ
೧೯ ಫೆಬ್ರುವರಿ ೨೦೨೫

ಅಪ್ಪಾ,

ಹುಕ್ಕೇರಿಯಿಂದ ಹುಕ್ಕೇರಿಗೇ ಬರೆಯುತ್ತಿದ್ದೇನೆ. ನನ್ನ ರೂಮಿನಿಂದ ನಿಮ್ಮ ಕೇಂದ್ರದ ಬೇವಿನ ಮರದ ತುದಿ ಕಾಣುತ್ತದೆ. ಗೇಟಿನಲ್ಲೇ ಕೊಟ್ಟು ಬರಬಹುದಿತ್ತು. ಗೇಟಿನವರೆಗೆ ಬಂದರೆ ಒಳಗೆ ನುಗ್ಗಿಬಿಡುತ್ತೇನೆ ಎಂದು ಅಂಚೆಗೆ ಹಾಕುತ್ತಿದ್ದೇನೆ.

ಏನಾಯಿತು ಎಂಬುದು ನಿಮಗೆ ಪೂರ್ತಿ ನೆನಪಿಲ್ಲವೆಂದು ಇಲ್ಲಿಯ ಡಾಕ್ಟರು ಹೇಳಿದರು. ನಾನು ಹೇಳುತ್ತೇನೆ. ನನ್ನ ಮಾತು ಮೀರಿ ನೀವು ಹಟದಿಂದ ಒಮ್ಮೆಲೇ ಬಿಟ್ಟಿರಿ. ಎರಡು ದಿನ ಬೆವೆತಿರಿ, ನಡುಗಿದಿರಿ. ಮೂರನೆಯ ದಿನ ಮಧ್ಯಾಹ್ನ ಪಡಸಾಲೆಯ ಗೋಡೆಯ ಎದುರು ನಿಂತು ಹಾಜರಿ ಕರೆಯತೊಡಗಿದಿರಂತೆ. ಗೋಡೆಗುಂಟ ಮಕ್ಕಳು ಸಾಲಾಗಿ ಕೂತದ್ದು ನಿಮಗೆ ಕಾಣುತ್ತಿತ್ತು. ಒಂದೊಂದೇ ಹೆಸರು ಕರೆದು ಉತ್ತರಕ್ಕೆ ಕಾಯುತ್ತಿದ್ದಿರಿ. ಯಾರೂ ‘ಹಾಜರ’ ಎನ್ನದಿದ್ದಾಗ ಅವ್ವ ತಾನೇ ಬಾಗಿಲ ಮರೆಯಲ್ಲಿ ನಿಂತು ಒಂದೊಂದು ಹೆಸರಿಗೂ ‘ಹಾಜರ್ರೀ ಸರ್’ ಎಂದಳಂತೆ. ನಿಮ್ಮ ಮನಸ್ಸು ಸಮಾಧಾನವಾಗಲಿ ಎಂದು. ಅದನ್ನು ಹೇಳುವಾಗ ಅವ್ವ ನಕ್ಕಳು, ಆಮೇಲೆ ಸೆರಗು ಬಾಯಿಗೆ ಹಿಡಿದಳು. ಹಾಜರಿ ಮುಗಿಯುವ ಮೊದಲೇ ನಿಮಗೆ ಫಿಟ್ಸ್ ಬಂತು. ಕಾಕಾ ಆಟೋದಲ್ಲಿ ಹಾಕಿಕೊಂಡು ಗೋಕಾಕದ ಆಸ್ಪತ್ರೆಗೆ ಒಯ್ದರು.

ಎಚ್ಚರವಾದಾಗ ನೀವು ಮೊದಲು ಕೇಳಿದ್ದು ‘ಯಾರ್ಯಾರ ನೋಡಿದ್ರು?’ ಎಂದು. ನೋಡಲು ಬಂದವರಿಗೆಲ್ಲ ಅವ್ವ ‘ಕಾಮಣಿ ಆಗೇತ್ರಿ’ ಎಂದು ಹೇಳಿ ಕಳಿಸಿದ್ದಾಳೆ. ಇಡೀ ಗೋಕಾಕ ನಿಮಗೆ ಕಾಮಾಲೆ ರೋಗ ಎಂದೇ ನಂಬಿದೆ. ಬೇವಿನ ಸೊಪ್ಪು, ನೆಲನೆಲ್ಲಿ, ಮೂಲಂಗಿ ಏನೇನೋ ಮನೆಗೆ ಬಂದು ಬಿದ್ದಿವೆ.

ಇಲ್ಲಿಗೆ ಬರಲು ನೀವು ಹೂಂ ಎಂದಿರಲ್ಲ, ಆ ಹೂಂ ಸಾಕು ನನಗೆ. ಮೈಯಲ್ಲಿ ಶಕ್ತಿ ಬಂದಾಗ ಎರಡು ಸಾಲು ಬರೆಯಿರಿ.

ಮರದ ತುದಿ ನೋಡುತ್ತ,
ಅನು


ಹುಕ್ಕೇರಿ
೯ ಮಾರ್ಚ್ ೨೦೨೫

ಅನು,

ನೀನು ಎರಡು ಸಾಲು ಕೇಳಿದ್ದೆ, ಎರಡು ಹಾಳೆ ಆಗುತ್ತದೆ ಎಂದು ಕಾಣುತ್ತದೆ. ಇಲ್ಲಿ ಮಾಡಲು ಬೇರೆ ಕೆಲಸವಿಲ್ಲ. ಅಂಗಳ ಗುಡಿಸುತ್ತೇನೆ, ಬೇವಿನ ಎಲೆ ಉದುರುವ ಕಾಲ, ಗುಡಿಸಿದಷ್ಟೂ ಬೀಳುತ್ತವೆ.

ಗೋಕಾಕದವರ ಕಣ್ಣು ತಪ್ಪಿಸಬೇಕು ಎಂದು ನಾನು ಕುಣಿದಾಡಿದ್ದು ನಿನಗೆ ಗೊತ್ತೇ ಇದೆ. ಮೊದಲ ದಿನ ಕಣ್ಣು ತೆರೆದಾಗ ಬಾಜೂ ಮಂಚದ ಮೇಲೆ ಯಾರಿದ್ದರು ಹೇಳು? ಗೋಕಾಕದ ಬಜಾರದ ಅರಿವೆ ಅಂಗಡಿಯ ಬಸವಲಿಂಗ. ನಿನ್ನ ಸಾಲಿಯ ನೀಲಿ ಲಂಗದ ಅರಿವೆಯನ್ನು ಪ್ರತಿ ಜೂನಿನಲ್ಲಿ ಅಳೆದು ಕೊಡುತ್ತಿದ್ದ ಮನುಷ್ಯ. ಅವರು ಗೋಡೆಯ ಕಡೆ ಹೊರಳಿದರು, ನಾನು ಈ ಕಡೆ ಹೊರಳಿದೆ. ಸುಮಾರು ದಿನ ಇಬ್ಬರೂ ಗುರುತೇ ಇಲ್ಲದವರ ಹಾಗೆ ಇದ್ದೆವು. ಒಂದು ಬೆಳಿಗ್ಗೆ ನನ್ನ ಅಂಗಿಯ ತೋಳು ಹರಿದದ್ದನ್ನು ನೋಡಿ ತಡೆಯಲಾರದೆ, “ಮಾಸ್ತರ, ಈ ಅರಿವಿ ನಮ್ಮ ಅಂಗಡ್ಯಾಗಿಂದಲ್ಲ ಬಿಡ್ರಿ” ಎಂದರು. ಇಬ್ಬರೂ ನಕ್ಕೆವು. ಈ ಕೇಂದ್ರಕ್ಕೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಬಸವಲಿಂಗ ಬೆಳಿಗ್ಗೆ ಮಿಂದು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂಡುತ್ತಾರೆ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಖಂಡೆಪ್ಪ ಎಂಬವನೊಬ್ಬನಿದ್ದಾನೆ, ಮೈಲಾರನಿಗೆ ಕೈ ಮುಗಿಯುತ್ತಾನೆ. ನಿಮ್ಮದೇನು ಎಂದು ಇಬ್ಬರೂ ನನ್ನನ್ನು ಕೇಳಿದರು. ಪಂಚಶೀಲ ಎಂದೆ. ಹೇಳಿಸಿರಿ ಎಂದರು. ಒಂದೊಂದೇ ಹೇಳಿ ಕನ್ನಡದಲ್ಲಿ ಅರ್ಥ ಬಿಡಿಸಿದೆ. ನಾಲ್ಕಕ್ಕೆ ಬಂದು ನಿಂತೆ. ಖಂಡೆಪ್ಪ ಬೆರಳು ಎಣಿಸಿಕೊಂಡು, ಐದು ಅಂದಿದ್ದಿರಿ, ಐದನೆಯದು ಯಾವುದು ಎಂದ. “ಅದರ ಸಲುವಾಗೇ ನಾವೆಲ್ಲ ಇಲ್ಲಿ ಕೂತೇವಿ” ಎಂದೆ. ಬಸವಲಿಂಗ ಎಷ್ಟು ನಕ್ಕರೆಂದರೆ ಕೆಮ್ಮು ಹತ್ತಿತು. ಆದರೂ ಖಂಡೆಪ್ಪ ಬಿಡಲಿಲ್ಲ, ಅದನ್ನೂ ಹೇಳಿರಿ ಎಂದು ಪಟ್ಟು ಹಿಡಿದ. ಹೇಳಿದೆ. ಆದರೆ ಮೆಲ್ಲಗೆ.

ಕಳೆದ ಭಾನುವಾರ ಗೇಟಿನಾಚೆ ನೀನು ನಿಂತಿದ್ದನ್ನು ನೋಡಿದೆ. ಕರೆಯಲಿಲ್ಲ ನೀನು. ನಾನೂ ಕರೆಯಲಿಲ್ಲ. ಆ ಹಸಿರು ಚೂಡಿದಾರ ನಿನಗೆ ಒಪ್ಪುತ್ತದೆ.

ಅವ್ವನಿಗೆ ಹೇಳು, ಹಾಜರಿ ಹೇಳಿದ್ದಕ್ಕೆ ಏನು ಕೊಡಲಿ ಎಂದು ಕೇಳಿದೆನೆಂದು.

ಬೇವಿನ ಮರದ ಕೆಳಗಿನಿಂದ,
ಅಪ್ಪ


ಹುಕ್ಕೇರಿ
೧೪ ಏಪ್ರಿಲ್ ೨೦೨೫

ಅನು,

ಇವತ್ತು ಬಾಬಾಸಾಹೇಬರ ಜಯಂತಿ. ಜಯಂತಿಗೆ ನಾನು ಊರಲ್ಲಿ ಇಲ್ಲದಿದ್ದದ್ದು ಇದೇ ಮೊದಲು. ಬೆಳಿಗ್ಗೆ ದೂರದಲ್ಲಿ ಹಲಗೆಯ ಸದ್ದು ಕೇಳಿ ಎದ್ದು ನಿಂತೆ. ಹುಕ್ಕೇರಿಯ ಮೆರವಣಿಗೆ ಇರಬೇಕು.

ನಿನಗೆ ನೆನಪಿದೆಯೇ, ಹಿಂದಿನ ದಿನ ಮಂದಿರದ ನೆಲದ ಮೇಲೆ ನೀಲಿ ಬಟ್ಟೆ ಹಾಸಿ ನಾನು ಬ್ಯಾನರು ಬರೆಯುತ್ತಿದ್ದೆ. ನೀನು ಬಣ್ಣದ ಡಬ್ಬಿ ಹಿಡಿದು ಕೂಡುತ್ತಿದ್ದೆ. ಒಂದು ವರ್ಷ ಒಣಗುವ ಮೊದಲೇ ಅದರ ಮೇಲೆ ಓಡಾಡಿಬಿಟ್ಟೆ. ಬಾಬಾಸಾಹೇಬರ ಹೆಸರಿನ ಪಕ್ಕದಲ್ಲಿ ನಿನ್ನ ಬಿಳಿ ಪಾದದ ಗುರುತು. ಬೈಯಲು ಬಾಯಿ ತೆರೆದವನು ಹಾಗೇ ಬಿಟ್ಟೆ. ಆ ವರ್ಷ ಅದೇ ಬ್ಯಾನರು ಮುಂದೆ ಹಿಡಿದು ಮೆರವಣಿಗೆ ಮಾಡಿದೆವು. ಮಗಳನ್ನು ಓದಿಸುತ್ತೇನೆ ಎಂದು ಅವತ್ತು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅದೊಂದನ್ನು ಮಾತ್ರ ಕೊನೆಯವರೆಗೆ ಮಾಡಿದೆ.

ಮಧ್ಯಾಹ್ನ ಬಸವಲಿಂಗ ಮನೆಯಿಂದ ಬಂದ ಹೋಳಿಗೆ ಹಂಚಿದರು. ಬಾಬಾಸಾಹೇಬರ ಫೋಟೋ ಇಲ್ಲವಲ್ಲ ಎಂದು ಖಂಡೆಪ್ಪ ಹಳೆಯ ಪೇಪರಿನಲ್ಲಿ ಹುಡುಕಿ ಕತ್ತರಿಸಿ ಮರಕ್ಕೆ ಅಂಟಿಸಿದ. ಒಬ್ಬನೇ ಆಗಲಿಲ್ಲ ನಾನು.

ಈ ವಾರ ಬಿಡುತ್ತಾರೆ. ಊರಿಗೆ ಹೋದ ಮೇಲೆ ಮಂಗಳವಾರ ಗೋಕಾಕಕ್ಕೆ ಹೋಗಿ ತೋರಿಸುತ್ತಿರಬೇಕು ಎಂದಿದ್ದಾರೆ. ನೋಡೋಣ. ಇಲ್ಲಿ ಗೋಡೆ ಇದೆ ಅನು, ಅಲ್ಲಿ ಇಲ್ಲ. ನನಗೆ ಹೆದರಿಕೆ ಆಗುತ್ತದೆ.

ನಿನ್ನ ಪಾದದ ಗುರುತನ್ನು ಮರೆಯದ,
ಅಪ್ಪ


ಹುಕ್ಕೇರಿ
೨೭ ಏಪ್ರಿಲ್ ೨೦೨೫

ಅಪ್ಪಾ,

ನಿಮ್ಮನ್ನು ಊರಿಗೆ ಮುಟ್ಟಿಸಿ ಬಂದ ಮೇಲೆ ಎರಡು ರಾತ್ರಿ ನಿದ್ದೆ ತುಂಬಾ ಚೆನ್ನಾಗಿ ಬಂತು. ಅವ್ವ ನಿಮಗೆ ಬಡಿಸುವಾಗ ನೀವು ಬಟ್ಟಲನ್ನು ಬೆಳಕಿಗೆ ಹಿಡಿಯದೆ ಉಂಡಿರಿ. ಅವ್ವ ಅದನ್ನು ನೋಡಿಯೂ ನೋಡದ ಹಾಗೆ ಮಾಡಿ ಒಳಗೆ ಹೋದಳು. ಒಲೆಯ ಮುಂದೆ ಕೂತು ಅಳುತ್ತಿದ್ದಳು, ನಾನು ಕೇಳಿದರೆ ಹೊಗೆ ಎಂದಳು. ಗ್ಯಾಸಿನ ಒಲೆಯಲ್ಲಿ ಎಂಥ ಹೊಗೆ?

ಮದುವೆಯ ಕಾರ್ಡು ಅಚ್ಚಾಗಿವೆ, ಒಂದು ಕಟ್ಟು ಕಳಿಸಿದ್ದೇನೆ. ಮೂಡಲಗಿಯಲ್ಲಿ, ಮೇ ಹನ್ನೆರಡು, ಸೋಮವಾರ. ಕೆಳಗೆ ನೋಡಿ: ಪಂಚಶೀಲ ನೀಡುವವರು, ಸತ್ತೆಪ್ಪ ಮಾಸ್ತರರು, ಮಮದಾಪುರ. ನಿಮ್ಮನ್ನು ಕೇಳದೆ ಹಾಕಿಸಿದ್ದೇನೆ. ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ. ಹತ್ತಿರದವರಿಗೆ ನೀವೇ ಕೈಯಾರೆ ಕೊಟ್ಟು ಬನ್ನಿ.

ಮಂದಿರದ ಮಕ್ಕಳಿಗೆ ಐದನೆಯದನ್ನು ಕಲಿಸುತ್ತಿದ್ದೀರಂತೆ. ದೀಪಾ ಫೋನು ಮಾಡಿದ್ದಳು. ಹೊಸದು ಬಹಳ ಉದ್ದ ಇದೆ ಎಂದು ಅವಳ ತಕರಾರು.

ಹಿಗ್ಗಿ ಹೀರೆಕಾಯಿಯಾಗಿರುವ,
ಅನು


ಮಮದಾಪುರ
೬ ಮೇ ೨೦೨೫, ಮಂಗಳವಾರ

ಅನು,

ಇದನ್ನು ಕಾಕಾನ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ಮದುವೆಗೆ ಮೊದಲು ಮುಟ್ಟುತ್ತದೋ ಇಲ್ಲವೋ. ಓದಿದ ಮೇಲೆ ಫೋನು ಮಾಡು, ಈ ಸಲ ಅವ್ವನಿಗೆ ದಾಟಿಸುವುದಿಲ್ಲ.

ಭಾನುವಾರ ಕುಡಿದೆ.

ಕಾರ್ಡು ಕೊಡಲು ಘಟಪ್ರಭಾಕ್ಕೆ ಹೋಗಿದ್ದೆ. ಹಳೆಯ ಜೊತೆಗಾರ ಮಾಸ್ತರೊಬ್ಬರು ಮಗಳ ಮದುವೆ ಎಂದು ಖುಷಿಪಟ್ಟು ಕೂರಿಸಿಕೊಂಡರು, ಗ್ಲಾಸು ಮುಂದಿಟ್ಟರು. ಅವರ ತಪ್ಪಲ್ಲ. ಒಲ್ಲೆ ಎನ್ನಲು ಬಾಯಿ ಇತ್ತು, ಅನ್ನಲಿಲ್ಲ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ತಿಳಿದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಕಾರ್ಡಿನ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗಿಟ್ಟಳು.

ನಿನಗೆ ತಿಳಿಸಬಾರದು, ಮದುವೆ ಮುಗಿಯಲಿ ಎಂದುಕೊಂಡೆ. ನಿನ್ನೆ ಸಂಜೆ ಮಂದಿರಕ್ಕೆ ಹೋದೆ. ಮಕ್ಕಳು ಕಾಯುತ್ತಿದ್ದವು. ವಂದನೆ ಶುರುವಾಯಿತು. ನಾಲ್ಕನೆಯದು ಮುಗಿಯಿತು, ನನ್ನ ನಾಲಿಗೆ ಹೊರಳಲಿಲ್ಲ. ಮಕ್ಕಳು ನನಗಾಗಿ ಕಾಯಲಿಲ್ಲ ಅನು. ತಾವೇ ಐದನೆಯದನ್ನು ಹೇಳಿ ಮುಗಿಸಿ, ಸಾಧು ಎಂದು ತಲೆ ಬಾಗಿಸಿದವು. ನಾನು ಕೂತು ಕೇಳಿದೆ. ಅಷ್ಟು ನಾಚಿಕೆ, ಅಷ್ಟು ಸಂತೋಷ ಎರಡೂ ಒಟ್ಟಿಗೆ ನನಗೆ ಎಂದೂ ಆಗಿರಲಿಲ್ಲ.

ಇವತ್ತು ಬೆಳಿಗ್ಗೆ ಅವ್ವನಿಗೆ ಹೇಳಿ ಗೋಕಾಕದ ಬಸ್ಸು ಹತ್ತಿದೆ. ಊರಿಗೆ ಬಂದ ಮೇಲೆ ಬಂದ ಮಂಗಳವಾರಗಳನ್ನೆಲ್ಲ ಏನೋ ನೆಪ ಹೇಳಿ ತಪ್ಪಿಸಿದ್ದೆ. ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಮುಂದೆ ದೊಡ್ಡ ಸಾಲು. ಕಿಟಕಿಯ ಒಳಗೆ ಕೂತವಳು ನನ್ನ ವಿದ್ಯಾರ್ಥಿನಿ ಭಾಗ್ಯಾ. ಸಾಲಿಯಲ್ಲಿ ಪ್ರಾರ್ಥನೆಗೆ ಮುಂದೆ ನಿಂತು ಹಾಡುತ್ತಿದ್ದ ಹುಡುಗಿ. ನನ್ನನ್ನು ಕಾಣುತ್ತಲೇ ಎದ್ದು ನಿಂತು, “ಸರ್, ಯಾರಿಗೆ ತೋರಸಾಕ ಬಂದೀರಿ? ಹೆಸರ ಹೇಳ್ರಿ, ನಾ ಚೀಟಿ ಬರೀತೀನಿ” ಎಂದಳು.

ಯಾರದೋ ಹೆಸರು ಹೇಳಬಹುದಿತ್ತು. ಕಾಮಣಿ ಎಂದೂ ಹೇಳಬಹುದಿತ್ತು, ಗೋಕಾಕಕ್ಕೆ ಅದು ಮೊದಲೇ ಗೊತ್ತು.

“ನಂದ ಹೆಸರ ಬರಿ ಯವ್ವಾ. ಕುಡಿಯೂದ ಬಿಡಾಕ ಬಂದೇನಿ” ಎಂದೆ. ಮೆಲ್ಲಗೆ ಹೇಳಿದರೆ ಕಿಟಕಿಯ ಒಳಗೆ ಕೇಳಿಸುವುದಿಲ್ಲ, ಜೋರಾಗಿಯೇ ಹೇಳಬೇಕಾಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾಗ್ಯಾ ಬರೆದು ಚೀಟಿ ಕೊಟ್ಟಳು.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಒಮ್ಮೆ ಜಾರಿದ್ದಕ್ಕೆ ಎಲ್ಲ ಹಾಳಾಯಿತು ಎಂದುಕೊಳ್ಳಬೇಡಿ, ಎರಡು ದಿನಕ್ಕೇ ಬಂದಿರಲ್ಲ ಅದು ದೊಡ್ಡದು ಎಂದರು. ಮಾತ್ರೆ ಬದಲಿಸಿದರು.

ಮದುವೆಯಲ್ಲಿ ಶೀಲ ಕೊಡುವವನು ನಾನಲ್ಲ. ಕಾರ್ಡಿನಲ್ಲಿ ಏನೇ ಅಚ್ಚಾಗಿರಲಿ. ಅಶೋಕನ ಕಾಕಾ ಲಖನ ಅವರು ಕೊಡಲಿ, ನಾನೇ ಫೋನು ಮಾಡಿ ಕೇಳಿಕೊಂಡಿದ್ದೇನೆ, ಕಾರಣವನ್ನೂ ಹೇಳಿದ್ದೇನೆ. ನಾನು ತೆಗೆದುಕೊಳ್ಳುವವರ ಸಾಲಿನಲ್ಲಿ, ನಿನ್ನ ಹಿಂದೆ ಕೂಡುತ್ತೇನೆ. ನಿನಗೆ ಬೇಸರವಾದರೆ ಆಗಲಿ, ಆದರೆ ಸುಳ್ಳಿನ ಮೇಲೆ ನಿನ್ನ ಸಂಸಾರ ಶುರುವಾಗುವುದು ಬೇಡ.

ಇನ್ನೊಂದು ಮಾತು. ಡಾಕ್ಟರರ ಕೋಣೆಯಿಂದ ಹೊರಗೆ ಬಂದಾಗ ಭಾಗ್ಯಾ ಕಿಟಕಿ ಬಿಟ್ಟು ಬೆಂಚಿನ ಹತ್ತಿರ ಬಂದು ನಿಂತಿದ್ದಳು. ಆಮೇಲೆ ಕೇಳಿದಳು: “ಸರ್, ನಮ್ಮಪ್ಪ ಒಬ್ಬಾಂವ ಬರಾಕ ಒಲ್ಲೆ ಅಂತಾನ್ರಿ. ಬರೂ ಮಂಗಳವಾರ ಕರಕೊಂಡ ಬಂದ್ರ, ನೀವು ಬಾಜೂ ಕುಂದರ್ತೀರೇನ್ರಿ?”

ಕೂಡುತ್ತೇನೆ ಎಂದೆ.

ಆದ್ದರಿಂದ ಮದುವೆಯ ಮರುದಿನ ಬೀಗರು ಎಷ್ಟೇ ಒತ್ತಾಯ ಮಾಡಿದರೂ ನಾನು ಮೂಡಲಗಿಯಲ್ಲಿ ಉಳಿಯುವುದಿಲ್ಲ. ಅವರು ತಪ್ಪು ತಿಳಿಯದ ಹಾಗೆ ನೀನೇ ಹೇಳಿ ಇಟ್ಟಿರು. ಬೆಳಗಿನ ಮೊದಲ ಬಸ್ಸಿಗೆ ನಾನು ಗೋಕಾಕಕ್ಕೆ ಹೋಗಬೇಕು.

ನಿನ್ನ,
ಅಪ್ಪ